ಚೊಂಬಿನ ತಳದ ಮಣ್ಣು

ಆರಿದ್ರ ಮಳೆ ಹಿಡಿದ ಮಾರನೆಯ ದಿನ ತಾತ ಕಂಬಳಿ ಕೊಪ್ಪೆ ಹಾಕಿಕೊಂಡು, ಹಿತ್ತಾಳೆ ಚೊಂಬು ಹಿಡಿದು ಹಳ್ಳಕ್ಕೆ ಇಳಿಯುತ್ತಿದ್ದರು. ತೋಟ ಮುಗಿದು ಗದ್ದೆ ಶುರುವಾಗುವ ಕಡೆ ಹಳ್ಳದಲ್ಲೊಂದು ಹಾಸುಗಲ್ಲಿತ್ತು. ಅದರ ಮೇಲೆ ನಿಂತು ಹರಿವ ನೀರನ್ನು ಒಂದು ಚೊಂಬು ತುಂಬಿ ತಂದು ಜಗಲಿಯ ಮೂಲೆಯಲ್ಲಿ ಇಡುತ್ತಿದ್ದರು. ರಾತ್ರಿಯೆಲ್ಲ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಬೆಳಗಾದ ಮೇಲೆ ತಿಳಿನೀರನ್ನು ಮೆಲ್ಲಗೆ ಬಗ್ಗಿಸಿ, ತಳಕ್ಕೆ ಬೆರಳಿಟ್ಟು ನೋಡುತ್ತಿದ್ದರು. ಬೆರಳಿಗೆ ಬರೀ ಜಿಡ್ಡು ಹತ್ತಿದರೆ ಮಾತಿಲ್ಲದೆ ಕಾಫಿ ಕುಡಿಯುತ್ತಿದ್ದರು. ಉಗುರು ಮುಳುಗುವಷ್ಟು ಕೆಂಪು ಮಣ್ಣು ಕೂತಿದ್ದರೆ ಸುರಿವ ಮಳೆಯಲ್ಲೇ ಗುದ್ದಲಿ ಹೆಗಲಿಗೇರಿಸಿ ತೋಟದ ನೆತ್ತಿಗೆ ಹೊರಡುತ್ತಿದ್ದರು. ಎಲ್ಲೋ ಬದು ಒಡೆದಿದೆ, ಯಾವುದೋ ಗುಂಡಿ ತುಂಬಿ ಉಕ್ಕಿದೆ ಎಂದು ಅರ್ಥ.

1960ರ ದಶಕದ ನಡುವಿನ ಮಾತು ಇದು. ನನಗೆ ಏಳೆಂಟು ವರ್ಷ. ‘ಯಾಕೆ ತಾತ, ಹಳ್ಳದ ನೀರು ಕುಡಿಯೋಕಾ?’ ಎಂದು ಕೇಳಿದ್ದೆ. ‘ಕುಡಿಯೋಕಲ್ಲ ಮಗಾ. ನಮ್ಮನೆಯಿಂದ ಏನು ಹೋಯ್ತು ಅಂತ ಲೆಕ್ಕ ನೋಡೋಕೆ’ ಎಂದಿದ್ದರು. ಆ ಲೆಕ್ಕ ನನಗೆ ಅರ್ಥವಾಗಲು ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಒಂದು ಗುಡ್ಡದ ಮಣ್ಣನ್ನೂ ಕಳೆದುಕೊಳ್ಳಬೇಕಾಯಿತು.

ಮಲೆನಾಡಿನ ಹೊಸಿಲು

ಹಾಸನದಿಂದ ಮಂಗಳೂರು ಹೆದ್ದಾರಿ ಹಿಡಿದು ಬಂದರೆ ಪಾಳ್ಯ ದಾಟಿದ ಮೇಲೆ ಬಾಳ್ಳುಪೇಟೆ. ಆಲೂರಿನ ಬಯಲು ಇಲ್ಲಿ ಏಳುತ್ತ ಬೀಳುತ್ತ ಗುಡ್ಡವಾಗುತ್ತದೆ. ಸಕಲೇಶಪುರದ ಕಡೆಗೆ ಹೋದಂತೆ ಮೈಲಿಗೊಂದು ಬಗೆಯಲ್ಲಿ ಮಳೆ ಹೆಚ್ಚುತ್ತದೆ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರು ದಾಟುವ ಮಳೆ, ಘಟ್ಟದ ಅಂಚಿನಲ್ಲಿ ಇನ್ನೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಬಿದ್ದ ನೀರು ಹಳ್ಳ ಸೇರಿ, ಹೇಮಾವತಿ ಸೇರಿ, ಗೊರೂರಿನ ಜಲಾಶಯದಲ್ಲಿ ನಿಂತು ಕಾವೇರಿಗೆ ಹೋಗುತ್ತದೆ. ನಮ್ಮ ಮೇಲ್ಮಣ್ಣಿಗೂ ಅದೇ ದಾರಿ.

ಇಲ್ಲಿನ ಹಳೆಯ ಹಿಡುವಳಿಗಳಿಗೆ ಒಂದು ಅಚ್ಚುಕಟ್ಟಾದ ಕಟ್ಟುಪಾಡಿತ್ತು. ತಗ್ಗಿನ ಕಣಿವೆಯಲ್ಲಿ ಭತ್ತದ ಗದ್ದೆ, ಅದರ ಮೇಲಿನ ಓರೆಯಲ್ಲಿ ಅತ್ತಿ, ಬಸರಿ, ಹಲಸು, ನಂದಿ, ಬೀಟೆ ಮರಗಳ ನೆರಳಿನ ಕಾಫಿ ತೋಟ. ತೋಟಕ್ಕೂ ಮೇಲೆ ಗುಡ್ಡದ ನೆತ್ತಿಯವರೆಗೆ ಹುಲ್ಲು. ಕರಡ, ಗರಿಕೆ, ಹೊದಿಕೆಗೆ ಬರುವ ಬಾದೆ ಹುಲ್ಲು. ಸೊಂಟದೆತ್ತರದ ಮಲೆನಾಡು ಗಿಡ್ಡಗಳು ಬೆಳಿಗ್ಗೆ ಆ ಗುಡ್ಡ ಹತ್ತಿ ಮೇಯುತ್ತಿದ್ದವು, ಸಂಜೆ ಇಳಿದು ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿದ್ದವು. ಕಾಲಡಿಗೆ ಹಾಸಿದ ಸೊಪ್ಪು, ದರಗು, ಸಗಣಿ, ಗಂಜಲ ಎಲ್ಲ ಕಲೆತು ತಿಪ್ಪೆ ಸೇರಿ ಗೊಬ್ಬರವಾಗಿ ತೋಟಕ್ಕೂ ಗದ್ದೆಗೂ ಹೋಗುತ್ತಿತ್ತು. ಗುಡ್ಡದ ಸತ್ವವನ್ನು ದನ ಹೊತ್ತು ತಂದು ತೋಟಕ್ಕೆ ಕೊಡುತ್ತಿತ್ತು.

ಆದರೆ ಹುಲ್ಲಿನ ಕೆಲಸ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ನೆತ್ತಿಯ ಮೇಲೆ ಬಿದ್ದ ಮಳೆಯ ರಭಸವನ್ನು ಮೊದಲು ತಡೆಯುತ್ತಿದ್ದುದೇ ಅದು. ಸಾವಿರಾರು ಬುಡಗಳ ನಡುವೆ ನುಸುಳುವಷ್ಟರಲ್ಲಿ ನೀರಿನ ಓಟ ತಗ್ಗಿ, ಅರ್ಧ ಅಲ್ಲೇ ಇಂಗಿ, ಉಳಿದದ್ದು ತಿಳಿಯಾಗಿ ತೋಟದೊಳಕ್ಕೆ ಇಳಿಯುತ್ತಿತ್ತು. ತೋಟದ ಮಣ್ಣನ್ನು ಕಾಯುತ್ತಿದ್ದುದು ತೋಟದಾಚೆಯ ಹುಲ್ಲು. ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದು ಇಷ್ಟೇ. ಆದರೆ ಇಷ್ಟನ್ನು ನಾವು ಮರೆತೆವು.

ತೊಟ್ಟಿಲು ಗುಂಡಿ

ಹುಲ್ಲು ದಾಟಿ ಬಂದ ನೀರಿಗೆ ತೋಟದೊಳಗೆ ಎರಡನೆಯ ಕಾವಲು ತೊಟ್ಟಿಲು ಗುಂಡಿ. ಕಾಫಿ ನಾಡಿನವರಿಗೆ ಈ ಹೆಸರು ಹೊಸದಲ್ಲ. ಎರಡು ಸಾಲು ಗಿಡಗಳ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಅಡಿ ಅಗಲ, ಒಂದೂವರೆ ಅಡಿ ಆಳ, ಒಬ್ಬ ಆಳು ಮಲಗುವಷ್ಟು ಉದ್ದಕ್ಕೆ ತೋಡುವ ಗುಂಡಿ ಅದು. ಮೇಲಿನ ಸಾಲಿನಲ್ಲಿ ಗುಂಡಿ ಮುಗಿದ ಕಡೆ ಕೆಳಗಿನ ಸಾಲಿನ ಗುಂಡಿ ಶುರುವಾಗಬೇಕು. ಒಂದರಿಂದ ತಪ್ಪಿಸಿಕೊಂಡ ನೀರು ಇನ್ನೊಂದರಲ್ಲಿ ಬೀಳಬೇಕು.

ಗುಂಡಿ ಮಟ್ಟವಾಗಿರಬೇಕೆಂಬುದು ದೊಡ್ಡ ಕಟ್ಟಳೆ. ಒಂದು ಕಡೆ ಓರೆಯಾದರೆ ಅದು ಗುಂಡಿಯಾಗುವುದಿಲ್ಲ, ಕಾಲುವೆಯಾಗುತ್ತದೆ. ಇದ್ದ ನೀರನ್ನೆಲ್ಲ ಒಂದೇ ಕಡೆ ನುಗ್ಗಿಸಿ ಕೊರಕಲು ಮಾಡುತ್ತದೆ. ತಾತ ಮೂರು ಬಿದಿರು ಗಳಗಳಲ್ಲಿ ಏಣಿಯಂಥ ಚೌಕಟ್ಟು ಕಟ್ಟಿದ್ದರು. ಎರಡು ಕಾಲು, ನಡುವೆ ಒಂದು ಅಡ್ಡಪಟ್ಟಿ, ನೆತ್ತಿಯಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಕಲ್ಲು. ದಾರ ಅಡ್ಡಪಟ್ಟಿಯ ನಡುಗೆರೆಗೆ ತಾಗಿದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಹಾಗೆ ಕಾಲಿಂದ ಕಾಲಿಗೆ ತಿರುಗಿಸುತ್ತ ಹೋಗಿ, ಹೆಜ್ಜೆಗೊಂದು ಗೂಟ ಹೊಡೆದರೆ ಗುಡ್ಡದ ಮೈಮೇಲೆ ಒಂದು ಗೆರೆ ಮೂಡುತ್ತಿತ್ತು. ನೇರವಾದ ಗೆರೆಯಲ್ಲ, ಗುಡ್ಡ ಬಳುಕಿದ ಹಾಗೆ ಬಳುಕುವ ಗೆರೆ. ದಾರದ ಕಲ್ಲು ಗಾಳಿಗೆ ಅಲ್ಲಾಡದಂತೆ ಹಿಡಿಯುವುದು ನನ್ನ ಕೆಲಸವಾಗಿತ್ತು. ಈಗಿನವರು ಸಮಪಾತಳಿ ಎನ್ನುವುದನ್ನು ನಾನು ನೋಡಿದ್ದು ಆ ಕಲ್ಲಿನ ತುದಿಯಲ್ಲಿ.

ಮಳೆಗಾಲದಲ್ಲಿ ಆ ಗುಂಡಿಗಳಿಗೆ ದರಗು, ಸಣ್ಣ ರೆಂಬೆ, ತೊಳೆದು ಬಂದ ಮೇಲ್ಮಣ್ಣು ಎಲ್ಲ ಸೇರುತ್ತಿತ್ತು. ಹಾಲವಾಣದ ಎಲೆ ಬೇಗ ಕೊಳೆಯುತ್ತದೆ, ಬೇರಿನಲ್ಲಿ ಸಾರಜನಕ ಹಿಡಿಯುವ ಮರ ಅದು. ಮಳೆ ಹಿಂದೆಗೆದ ಮೇಲೆ ಗುಂಡಿಯಿಂದ ಎತ್ತಿದ ಮಣ್ಣು ಕಪ್ಪಗೆ, ಹಗುರಾಗಿ, ಕೈಯಲ್ಲಿ ಹಿಸುಕಿದರೆ ಉಂಡೆಯಾಗಿ, ಬಿಟ್ಟರೆ ಉದುರುವಂತಿರುತ್ತಿತ್ತು. ಅದನ್ನೇ ಗಿಡದ ಬುಡಕ್ಕೆ ಏರಿಸುತ್ತಿದ್ದರು. ಹೋಗಬೇಕಿದ್ದ ಮಣ್ಣು ಗೊಬ್ಬರವಾಗಿ ಮನೆಗೆ ಬಂದ ಹಾಗೆ.

ಮಂಜರಾಬಾದಿನ ಪ್ಲಾಂಟರ್, ಚಿಕೋರಿಯ ಬೇರು

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದು ಹೆಸರು. 1850ರ ದಶಕದಲ್ಲಿ ಇಲ್ಲಿಗೆ ಬಂದು ಕಾಡಿನ ನಡುವೆ ಕಾಫಿ ತೋಟ ಮಾಡಿದವರಲ್ಲಿ ರಾಬರ್ಟ್ ಎಚ್. ಎಲಿಯಟ್ ಎಂಬ ಸ್ಕಾಟ್ಲೆಂಡಿನ ಯುವಕನೂ ಒಬ್ಬ. 1860ರ ದಶಕದಲ್ಲಿ ಕಾಂಡಕೊರಕ ಬಂದು ಬಿಸಿಲಿಗೆ ಬಿಟ್ಟ ಕಾಫಿಯನ್ನು ನೆಲಸಮ ಮಾಡಿದಾಗ, ನೆರಳಿಲ್ಲದೆ ಇಲ್ಲಿ ಕಾಫಿಯಿಲ್ಲ ಎಂಬ ಪಾಠವನ್ನು ಕಲಿತ ಪೀಳಿಗೆ ಅದು. 1894ರಲ್ಲಿ ಆತ ಪ್ರಕಟಿಸಿದ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಪುಸ್ತಕದಲ್ಲಿ ನೆರಳಿನ ಮರಗಳ ಬಗ್ಗೆ, ಗೊಬ್ಬರದ ಬಗ್ಗೆ ವಿವರವಾಗಿ ಬರೆದಿದ್ದಾನೆ. ಕಾಫಿ ಇತಿಹಾಸ ಓದುವವರಿಗೆ ಎಲಿಯಟ್ ಗೊತ್ತು.

ಆದರೆ ಅದೇ ಮನುಷ್ಯ ಹುಲ್ಲಿನ ಇತಿಹಾಸದಲ್ಲೂ ದೊಡ್ಡ ಹೆಸರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸ್ಕಾಟ್ಲೆಂಡಿನ ಗಡಿನಾಡಿನ ಕ್ಲಿಫ್ಟನ್ ಪಾರ್ಕ್‌ನಲ್ಲಿದ್ದ ತನ್ನ ಜಮೀನಿನಲ್ಲಿ ಬೆಳೆ ತೆಗೆದು ತೆಗೆದು ಸತ್ವ ಕಳೆದುಕೊಂಡ ನೆಲಕ್ಕೆ ಆತ ಹುಲ್ಲಿನ ಮದ್ದು ಮಾಡಿದ. ನಾಲ್ಕು ವರ್ಷ ಹುಲ್ಲು, ಆಮೇಲೆ ನಾಲ್ಕು ವರ್ಷ ಗೆಡ್ಡೆ, ಧಾನ್ಯ, ಮತ್ತೆ ಹುಲ್ಲು. ಆ ಹುಲ್ಲೂ ಒಂದೇ ಜಾತಿಯದಲ್ಲ. ಹಲವು ಬಗೆಯ ಹುಲ್ಲು, ಕ್ಲೋವರ್, ಅವುಗಳ ಜೊತೆಗೆ ಬೇರು ಆಳಕ್ಕೆ ಇಳಿಸುವ ಗಿಡಗಳು. ಅವುಗಳಲ್ಲಿ ಮುಖ್ಯವಾದದ್ದು ಚಿಕೋರಿ. ಹೌದು, ನಮ್ಮ ಕಾಫಿ ಪುಡಿಗೆ ಬೆರೆಯುವ ಅದೇ ಚಿಕೋರಿ. ನಾವು ಅದರ ಬೇರನ್ನು ಹುರಿದು ಕುಡಿದೆವು. ಆತ ಅದರ ಬೇರನ್ನು ನೆಲದೊಳಗೇ ಬಿಟ್ಟು, ನೇಗಿಲಿಗೂ ಜಗ್ಗದ ಗಟ್ಟಿ ಪದರವನ್ನು ಒಡೆಸಿದ. ಆಳದ ಬೇರಿನ ಹುಲ್ಲುಗಾವಲಿಗಿಂತ ಅಗ್ಗದ ಗೊಬ್ಬರ ರೈತನಿಗೆ ಇಲ್ಲ ಎಂಬುದು ಆತನ ವಾದವಾಗಿತ್ತು. 1898ರಲ್ಲಿ ಅದನ್ನು ಪುಸ್ತಕವಾಗಿ ಬರೆದ. ಎಲಿಯಟ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ ಆ ಪುಸ್ತಕ ಲಂಡನ್ನಿನಲ್ಲಿ ಮರುಮುದ್ರಣ ಕಂಡಿತು. ಮುನ್ನುಡಿ ಬರೆದವರು ಆ ಕಾಲದ ಹುಲ್ಲುಗಾವಲು ವಿಜ್ಞಾನಿ ಜಾರ್ಜ್ ಸ್ಟೇಪಲ್ಡನ್. ಮುಂದಿನ ಎರಡು ದಶಕ ಅಲ್ಲಿನ ಜಮೀನುಗಳಲ್ಲಿ ಹುಲ್ಲನ್ನೂ ಬೆಳೆಯೆಂದೇ ಎಣಿಸಿ ಬಿತ್ತುವ ಪದ್ಧತಿ ಹರಡಿತು.

ಅದೇ 1943ರಲ್ಲಿ ನಮ್ಮ ದೇಶದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಶುರುವಾಯಿತು. ಹಸಿವಿನ ಕಾಲ, ಅದನ್ನು ತಪ್ಪೆನ್ನಲಾಗದು. ಆದರೆ ನೇಗಿಲು ಮೊದಲು ಹೋದದ್ದು ಹುಲ್ಲಿನ ಮೇಲೆ. ಹಳೇ ಮೈಸೂರಿನಲ್ಲಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಅಮೃತಮಹಲ್ ಕಾವಲುಗಳು ತುಂಡುತುಂಡಾಗಿ ಸಾಗುವಳಿಗೆ ಹೋದವು. ಊರೂರಿನ ಗೋಮಾಳ, ಹುಲ್ಲುಬನ್ನಿಗಳೂ ಕರಗಿದವು. ಕಂದಾಯದ ಪಹಣಿಯಲ್ಲಿ ಹುಲ್ಲುಬನ್ನಿಯ ಪಕ್ಕದಲ್ಲಿ ಬರೆಯುವ ಮಾತು ‘ಖರಾಬು’. ದನ ಸಾಕಿ, ಗೊಬ್ಬರ ಕೊಟ್ಟು, ಮಣ್ಣು ಕಾಯ್ದ ನೆಲಕ್ಕೆ ನಾವು ಕೊಟ್ಟ ಹೆಸರು ಅದು. ಕೆಟ್ಟದ್ದು ಎಂದು ಬರೆದಿಟ್ಟ ನೆಲವನ್ನು ಉಳಿಸಿಕೊಳ್ಳಬೇಕೆಂದು ಯಾರಿಗೆ ಅನ್ನಿಸೀತು?

ಮಣ್ಣಿನ ಬಗ್ಗೆ ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ. ಕಾಫಿಗಾಗಿ 1925ರಲ್ಲೇ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಗಿತ್ತು. 1953ರಲ್ಲಿ ಕೇಂದ್ರ ಮಣ್ಣು ಸಂರಕ್ಷಣಾ ಮಂಡಳಿ ಬಂತು. 1954ರಲ್ಲಿ ಬಳ್ಳಾರಿಯಲ್ಲಿ ಕರಿಮಣ್ಣಿಗೆ, ಊಟಿಯಲ್ಲಿ ಗುಡ್ಡದ ನೆಲಕ್ಕೆ ಸಂಶೋಧನಾ ಕೇಂದ್ರಗಳಾದವು. 1961ರಲ್ಲಿ ಭೂ ಅಭಿವೃದ್ಧಿಗೆಂದೇ ರಾಜ್ಯದಲ್ಲಿ ಕಾಯಿದೆಯಾಯಿತು. ಬಯಲುಸೀಮೆಯಲ್ಲಿ ಸಾವಿರಾರು ಎಕರೆಗೆ ಬದು ಬಿತ್ತು. 1962ರಲ್ಲಿ ಝಾನ್ಸಿಯಲ್ಲಿ ಹುಲ್ಲು ಮತ್ತು ಮೇವಿನ ಸಂಶೋಧನೆಗೆ ಸಂಸ್ಥೆಯಾಯಿತು. ಆದರೆ ಇಲಾಖೆಗಳ ಕಡತದಲ್ಲಿ ಬದು ಒಂದು ಕಡೆ, ಮೇವು ಇನ್ನೊಂದು ಕಡೆ, ಕಾಫಿ ಮತ್ತೊಂದು ಕಡೆ. ತಾತನ ಗುಡ್ಡದಲ್ಲಿ ಇವೆಲ್ಲ ಒಂದೇ ಸಂಸಾರವಾಗಿದ್ದವು.

ನಾವು ಮಾಡಿದ ತಪ್ಪು

ಗಿಡ್ಡಗಳು ಕೊಟ್ಟಿಗೆಯಿಂದ ಒಂದೊಂದಾಗಿ ಹೋದವು. ದನ ಕಾಯಲು ಆಳಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತದೆ, ಹಾಲಿಗೆ ಸೀಮೆಹಸು ಸಾಕು. 2012ರಲ್ಲಿ ಮಲೆನಾಡು ಗಿಡ್ಡಕ್ಕೆ ದೇಶದ ಅಧಿಕೃತ ತಳಿಪಟ್ಟಿಯಲ್ಲಿ ಜಾಗ ಸಿಕ್ಕಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮ್ಮ ಕೊಟ್ಟಿಗೆಯಲ್ಲಿ ಒಂದೂ ಉಳಿದಿರಲಿಲ್ಲ. ಮೇಯುವ ಬಾಯಿಲ್ಲದ ಗುಡ್ಡಕ್ಕೆ ಲಂಟಾನ ಬಂತು, ಜನ ಕಮ್ಯುನಿಸ್ಟ್ ಗಿಡ ಎನ್ನುವ ಯುಪಟೋರಿಯಂ ಬಂತು. ಅವುಗಳ ದಟ್ಟ ನೆರಳಲ್ಲಿ ಕರಡ ಸತ್ತಿತು. ನೆಲ ಮೇಲಿನಿಂದ ಹಸಿರು, ಬುಡದಲ್ಲಿ ಬೋಳು.

ಹಾಗೆ ‘ಸುಮ್ಮನೆ ಬಿದ್ದ’ ಆ ಗುಡ್ಡದ ಎರಡು ಎಕರೆಯನ್ನು ನಾವು ಶುಂಠಿಗೆ ಗುತ್ತಿಗೆ ಕೊಟ್ಟೆವು. ಹದಿನೈದು ವರ್ಷದ ಹಿಂದಿನ ಮಾತು. ಒಪ್ಪಿಕೊಂಡು ಸಹಿ ಹಾಕಿದವನು ನಾನೇ. ಶುಂಠಿಯ ಕಷ್ಟ ಬೆಳೆದವರಿಗೆ ಗೊತ್ತು. ಅದೇ ನೆಲದಲ್ಲಿ ಮತ್ತೆ ಹಾಕಿದರೆ ಕೊಳೆರೋಗ, ಹಾಗಾಗಿ ವರ್ಷಕ್ಕೊಂದು ಹೊಸ ನೆಲ ಬೇಕು. ನೀರು ನಿಲ್ಲಬಾರದು, ಹಾಗಾಗಿ ಮಡಿಗಳನ್ನು ಇಳಿಜಾರಿನ ಜೊತೆಗೇ ಮೇಲಿಂದ ಕೆಳಕ್ಕೆ ಎಳೆಯುತ್ತಾರೆ. ಬೆಳೆಯುವವನಿಗೆ ಅದು ಸರಿಯಾದ ಲೆಕ್ಕ. ಒಂದು ವರ್ಷಕ್ಕೆ ಬಂದವನು ಮುಂದಿನ ಐವತ್ತು ವರ್ಷದ ಮಣ್ಣಿನ ಬಗ್ಗೆ ಯೋಚಿಸಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಅದನ್ನು ಯೋಚಿಸಬೇಕಾಗಿದ್ದವನು ನೆಲದ ಒಡೆಯ.

ಜೆಸಿಬಿ ಮೂರು ದಿನದಲ್ಲಿ ಗುಡ್ಡದ ಚರ್ಮ ಸುಲಿಯಿತು. ಪುನರ್ವಸು ಮಳೆಗೆ ಮಡಿಗಳ ನಡುವಿನ ಕಾಲುವೆಗಳೆಲ್ಲ ಒಟ್ಟಿಗೆ ಹರಿದವು. ಬೆಳಿಗ್ಗೆ ತೋಟಕ್ಕೆ ಹೋದರೆ ಮೇಲಿನ ಹತ್ತು ಸಾಲಿನ ತೊಟ್ಟಿಲು ಗುಂಡಿಗಳು ಮಟ್ಟಸವಾಗಿ ತುಂಬಿ ಮುಚ್ಚಿಹೋಗಿದ್ದವು, ಎಲ್ಲಿದ್ದವೆಂದು ಗುರುತೂ ಸಿಗದಂತೆ. ಕೆಳಗೆ ಗದ್ದೆಯಲ್ಲಿ ನಾಟಿಗೆ ಬಂದ ಸಸಿಮಡಿಯ ಮೇಲೆ ಗೇಣು ದಪ್ಪದ ಕೆಂಪು ಕೆಸರು. ನಮ್ಮಲ್ಲಿ ಮೂವತ್ತು ವರ್ಷದಿಂದ ಗುಂಡಿ ತೆಗೆಯುತ್ತಿದ್ದ ಹಿರಿಯರೊಬ್ಬರು ಗುದ್ದಲಿ ಊರಿ ನಿಂತು, ‘ಗುಂಡಿ ಏನ್ಮಾಡತ್ತೆ ಅಯ್ಯಾ, ಗುಡ್ಡವೇ ಇಳಿದು ಬಂದ್ರೆ?’ ಎಂದರು. ಜಗಲಿಯ ಚೊಂಬು ನೆನಪಾದದ್ದು ಆಗ.

ಹೋದ ಮಣ್ಣಿಗೆ ಲೆಕ್ಕ ಹಾಕಿದವರಿದ್ದಾರೆ. ಭಾರತದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ಸವೆದು ಹೋಗುತ್ತದೆಂದು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು ಅಂದಾಜು ಮಾಡಿದರು. ಹೆಕ್ಟೇರಿಗೆ 16 ಟನ್ನಿಗೂ ಹೆಚ್ಚು. ಎಕರೆಗೆ ಆರೂವರೆ ಟನ್, ಅಂದರೆ ಸುಮಾರು ಎರಡು ಟ್ರ್ಯಾಕ್ಟರ್ ಲೋಡು. ಅದರಲ್ಲಿ ಶೇಕಡ 29ರಷ್ಟು ಸಮುದ್ರಕ್ಕೆ, ಶೇಕಡ 10ರಷ್ಟು ಜಲಾಶಯಗಳ ತಳಕ್ಕೆ. ಯಾರಾದರೂ ರಾತ್ರಿ ಬಂದು ನಮ್ಮ ಜಮೀನಿನಿಂದ ಎಕರೆಗೆ ಎರಡು ಲೋಡು ಮಣ್ಣು ತುಂಬಿಕೊಂಡು ಹೋದರೆ ಪೊಲೀಸ್ ಠಾಣೆಗೆ ಓಡುತ್ತೇವೆ. ಮಳೆ ಒಯ್ದರೆ, ಈ ಸಲ ಮಳೆ ಚೆನ್ನಾಗಾಯಿತು ಎನ್ನುತ್ತೇವೆ.

ಹುಲ್ಲಿಗೆ ಮರಳಿದ ಗುಡ್ಡ

ಶುಂಠಿ ಕಿತ್ತ ಮೇಲೆ ಮತ್ತೆ ಮೂರು ಗಳ ಕಟ್ಟಿದೆವು. ದಾರ, ಕಲ್ಲು, ಗೂಟ. ಈ ಸಲ ಗೆರೆಯ ಮೇಲೆ ಗುಂಡಿಯ ಬದಲು ಲಾವಂಚದ ಬುಡಗಳನ್ನು ಗೇಣಿಗೊಂದರಂತೆ ಊರಿದೆವು. ಲಾವಂಚ ನಮಗೆ ಹೊಸದಲ್ಲ. ಗುಂಡ್ಲುಪೇಟೆಯ ಕಡೆ ರೈತರು ಹೊಲದ ಗಡಿಗೆ ತಲೆತಲಾಂತರದಿಂದ ಲಾವಂಚ ಹಾಕಿದ್ದನ್ನು ಕಂಡು ಹೊರದೇಶದ ತಜ್ಞರೂ ಬೆರಗಾಗಿ ಬರೆದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಜಲಾನಯನ ಯೋಜನೆಗಳ ಮೂಲಕ ಆ ತಿಳಿವಳಿಕೆ ಜಗತ್ತಿನ ಎಷ್ಟೋ ದೇಶ ಮುಟ್ಟಿತು. ಬೇರು ಪಕ್ಕಕ್ಕೆ ಹರಡದೆ ನೇರ ಆಳಕ್ಕೆ ಇಳಿಯುತ್ತದೆ, ಪಕ್ಕದ ಬೆಳೆಗೆ ತೊಂದರೆಯಿಲ್ಲ. ಮೇಲೆ ಒತ್ತಾದ ಬುಡಗಳು ಜರಡಿಯಂತೆ ನಿಂತು ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುತ್ತವೆ. ಹಿಡಿದ ಮಣ್ಣು ವರ್ಷವರ್ಷಕ್ಕೂ ಏರಿ ತಾನೇ ಮೆಟ್ಟಿಲಾಗುತ್ತದೆ.

ಲಾವಂಚದ ಸಾಲುಗಳ ನಡುವಿನ ನೆಲಕ್ಕೆ ಎರಡು ಮಳೆಗಾಲ ಬಿಡುವು ಕೊಟ್ಟೆವು. ದನ ಬಿಡಲಿಲ್ಲ, ಬೆಂಕಿ ಕೊಡಲಿಲ್ಲ. ಮಾಘ ಮಾಸದಲ್ಲಿ ಗುಡ್ಡಕ್ಕೆ ಬೆಂಕಿ ಕೊಟ್ಟರೆ ಹೂಮಳೆಗೆ ಎಳೆ ಹುಲ್ಲು ಬರುತ್ತದೆಂಬುದು ಹಳೆಯ ರೂಢಿ. ಎಳೆ ಹುಲ್ಲೇನೋ ಬರುತ್ತದೆ. ಆದರೆ ಹೊದಿಕೆ ಸುಟ್ಟ ನೆಲದ ಮೇಲೆ ಮೊದಲ ಮಳೆಯ ಹನಿ ನೇರ ಬಡಿಯುತ್ತದೆ. ತಾತನ ಕಾಲದ ಎಲ್ಲವೂ ಸರಿಯಿರಲಿಲ್ಲ, ಇದು ಸರಿಯಿರಲಿಲ್ಲ. ಯುಪಟೋರಿಯಂ ಅನ್ನು ಹೂ ಬಿಡುವ ಮುಂಚೆ ಬುಡಸಮೇತ ಕಿತ್ತು ಅಲ್ಲೇ ಹಾಸಿದೆವು. ಮೊದಲ ವರ್ಷ ಗರಿಕೆ ಬಂತು. ತಗ್ಗಿನ ಪಟ್ಟಿಯಲ್ಲಿ ಗಿನಿ ಹುಲ್ಲು ನೆಟ್ಟು ಕೊಯ್ದು ತಂದು ಕೊಟ್ಟಿಗೆಯಲ್ಲೇ ಹಾಕಿದೆವು. ಮೂರನೆಯ ವರ್ಷ, ಯಾರೂ ಬಿತ್ತದೆ, ನೆತ್ತಿಯ ಬಂಡೆಗಳ ಸಂದಿನಿಂದ ಕರಡ ಇಳಿದು ಬಂತು. ಈಗ ಕೊಟ್ಟಿಗೆಯಲ್ಲಿ ಎರಡು ಗಿಡ್ಡಗಳಿವೆ.

ಹುಲ್ಲು ಎಲ್ಲಕ್ಕೂ ಮದ್ದಲ್ಲ. 2018ರ ಆಗಸ್ಟಿನಲ್ಲಿ ಕೊಡಗು, ಸಕಲೇಶಪುರದ ಗುಡ್ಡಗಳು ಕುಸಿದದ್ದನ್ನು, 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಹೆದ್ದಾರಿಯ ಮೇಲೆ, ಘಟ್ಟದ ರೈಲು ಹಳಿಯ ಕೆಳಗೆ ಮಣ್ಣು ಜಾರಿದ್ದನ್ನು ಕಂಡಿದ್ದೇವೆ. ಗುಡ್ಡದ ಕಾಲನ್ನೇ ನೆಟ್ಟಗೆ ಕಡಿದು ರಸ್ತೆ, ಮನೆ, ರೆಸಾರ್ಟು ಕಟ್ಟಿದ ಕಡೆ ಮೇಲೆ ಎಷ್ಟು ಹುಲ್ಲಿದ್ದರೂ ತಡೆಯುವುದು ಕಷ್ಟ. ಒಂದು ಮನೆಯವರು ಮಾಡಿದರೆ ಹಳ್ಳ ತಿಳಿಯಾಗುವುದೂ ಇಲ್ಲ. ನಮ್ಮ ಮೇಲಿನ ಜಮೀನು, ಅದರ ಮೇಲಿನ ಗೋಮಾಳ, ಎಲ್ಲರದ್ದೂ ಸೇರಿ ಒಂದು ಹಳ್ಳ.

ಅದಕ್ಕೇ ನಮ್ಮ ಪಂಚಾಯಿತಿಗಳಿಗೆ ಒಂದು ಕೋರಿಕೆ. ಉದ್ಯೋಗ ಖಾತ್ರಿಯಲ್ಲಿ ಗುಂಡಿ ತೋಡುವ ಜೊತೆಗೆ ಗೋಮಾಳಕ್ಕೆ ಹುಲ್ಲು ತರುವ ಕೆಲಸವನ್ನೂ ಸೇರಿಸಿ. ಇಳಿಜಾರಿನಲ್ಲಿ ಶುಂಠಿ ಬೆಳೆಯುವುದಾದರೆ ಮಡಿಗಳು ಅಡ್ಡಲಾಗಿರಲಿ, ನೀರು ಹೊರಹೋಗುವಷ್ಟೇ ತುಸು ಓರೆಯಿರಲಿ, ಕೆಳಗಂಚಿಗೆ ಎರಡು ಸಾಲು ಲಾವಂಚ ಇರಲಿ. ಈ ಮಾತು ಗುತ್ತಿಗೆಯ ಕರಾರಿನಲ್ಲೇ ಬರಲಿ. ನೆಲ ಕೊಡುವವರು ಕೇಳದಿದ್ದರೆ ಕೇಳುವವರು ಯಾರು?

ಹೋದ ಜುಲೈಯಲ್ಲಿ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ನಾಲ್ಕು ದಿನ ಬಿಡದೆ ಮಳೆ. ಅಟ್ಟದಿಂದ ಇಳಿಸಿದ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅವಳ ಕೈಗೆ ಕೊಟ್ಟು ಹಳ್ಳಕ್ಕೆ ಕರೆದುಕೊಂಡು ಹೋದೆ. ಎರಡು ಚೊಂಬು ತಂದೆವು. ಒಂದು ನಮ್ಮ ಗುಡ್ಡದ ನೀರು ಹಳ್ಳಕ್ಕೆ ಸೇರುವ ಬಾಯಿಯಿಂದ, ಇನ್ನೊಂದು ಅದಕ್ಕೂ ಮೇಲೆ, ಹಳ್ಳದಿಂದಲೇ. ಬೆಳಿಗ್ಗೆ ಅವಳೇ ನೀರು ಬಗ್ಗಿಸಿ ಬೆರಳಿಟ್ಟಳು. ಮೊದಲನೆಯದರಲ್ಲಿ ಬೆರಳಿಗೆ ಜಿಡ್ಡು. ಎರಡನೆಯದರಲ್ಲಿ ಉಗುರು ಮುಳುಗಿತು.

‘ಇದು ಯಾರ ಮಣ್ಣು ತಾತ?’ ಎಂದು ಕೇಳಿದಳು.

ಮೇಲಿನ ಜಮೀನಿನವರ ಮನೆ ನಮಗೆ ಕಾಲು ಮೈಲಿ. ಮಳೆ ಕೊಂಚ ಬಿಟ್ಟ ಮೇಲೆ ಆ ಚೊಂಬನ್ನು ಹಾಗೇ ಹಿಡಿದು, ಇನ್ನೊಂದು ಕೈಯಲ್ಲಿ ಲಾವಂಚದ ಒಂದು ಕಂತೆ ಹಿಡಿದು, ಇಬ್ಬರೂ ಅವರ ಮನೆಗೆ ಹೊರಟೆವು.